ಹಳೆಯ ಸಾಹಸ ಚಿತ್ರಕಥೆಗಳ ಮೇಲಿನ ಮಿಥ್ಯಾಪವಾದ

ಪರಾಕ್ರಮಿಗಳ ಸಾಹಸಗಳನ್ನು ಚಿತ್ರಗಳ ಸಾಲಿನಲ್ಲಿ ಹೇಳುತ್ತಿದ್ದ ಹಳೆಯ ಕಾಮಿಕ್ಸ್‌ಗಳ ವಿಷಯದಲ್ಲಿ ಈಚಿನ ವಿದ್ಯಾವಂತರ ನಡುವೆ ಒಂದು ಅಭಿಪ್ರಾಯವು ಎಷ್ಟು ಭದ್ರವಾಗಿ ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸ ಹೊರಟವನು ಬಾಲ್ಯದ ಮೋಹವನ್ನು ಇನ್ನೂ ಕಳೆದುಕೊಳ್ಳದವನೆಂಬ ಅನುಕಂಪಕ್ಕೆ ಪಾತ್ರನಾಗುವನೇ ಹೊರತು ಉತ್ತರಕ್ಕೆ ಪಾತ್ರನಾಗುವುದಿಲ್ಲ. ಆ ಅಭಿಪ್ರಾಯದ ಸಾರವಿಷ್ಟು: ಫ್ಯಾಂಟಮ್, ಮಾಂಡ್ರೇಕ್, ಸೂಪರ್‌ಮ್ಯಾನ್ ಮೊದಲಾದವರು ಜೀವವಿಲ್ಲದ ಬೊಂಬೆಗಳು, ಅವರಿಗೆ ತೋಳ್ಬಲವುಂಟು, ಸ್ವಭಾವವಿಲ್ಲ, ಒಂದು ಕಥೆಯಲ್ಲಿ ಪಟ್ಟ ಪಾಡು ಮುಂದಿನ ಕಥೆಯಲ್ಲಿ ಅವರಿಗೇ ನೆನಪಿರುವುದಿಲ್ಲ, ಪಾತ್ರಪೋಷಣೆಯೂ ಕಥಾಸಾತತ್ಯವೂ ಈ ಪ್ರಕಾರಕ್ಕೆ ಪ್ರಾಪ್ತವಾದದ್ದು 1961ರ ಈಚೆಗೆ, ಅಮೆರಿಕದ ಮಾರ್ವೆಲ್ ಸಂಸ್ಥೆಯ ಕೃಪೆಯಿಂದ, ಅದಕ್ಕೆ ಮುಂಚಿನದೆಲ್ಲ ಶೈಶವದ ತೊದಲು. ಚಲನಚಿತ್ರಗಳ ಮೂಲಕವೇ ಈ ವೀರರ ಪರಿಚಯ ಮಾಡಿಕೊಂಡ ತರುಣರು ಇದನ್ನು ಹೇಳಿದರೆ ಆಶ್ಚರ್ಯವಿಲ್ಲ. ಆದರೆ ಸ್ವತಃ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ನನ್ನ ಸಮವಯಸ್ಕರೂ ಈಗ ತಮ್ಮ ಹಳೆಯ ಪ್ರೀತಿಗೆ ನಾಚಿಕೊಂಡವರಂತೆ ಇದೇ ಮಾತನ್ನು ಒಪ್ಪಿಸುತ್ತಿರುವುದನ್ನು ಕಂಡು ಸುಮ್ಮನಿರುವುದು ಕಷ್ಟ. ಈ ಅಭಿಪ್ರಾಯವು ಸಂಗತಿಯ ದೃಷ್ಟಿಯಿಂದ ತಪ್ಪು. ತತ್ತ್ವದ ದೃಷ್ಟಿಯಿಂದ ಇನ್ನೂ ಹೆಚ್ಚು ತಪ್ಪು.

ಮೊದಲು ಸಂಗತಿಯನ್ನು ನೋಡೋಣ. ಹಳೆಯ ಚಿತ್ರಕಥೆಗಳಲ್ಲಿ ಕಾಲವು ಸರಿಯುವುದೇ ಇಲ್ಲವೆನ್ನತಕ್ಕವರು ಹ್ಯಾಲ್ ಫಾಸ್ಟರ್ ಎಂಬ ಚಿತ್ರಕಾರನು 1937ರ ಫೆಬ್ರವರಿ 13ರಂದು ಪ್ರಾರಂಭಿಸಿದ ‘ಪ್ರಿನ್ಸ್ ವೇಲಿಯಂಟ್’ ಎಂಬುದನ್ನು ಒಮ್ಮೆಯಾದರೂ ತೆರೆದು ನೋಡಿದವರಲ್ಲವೆಂದೇ ತಿಳಿಯಬೇಕು. ಅಲ್ಲಿ ಹುಡುಗನಾಗಿ ಕಾಣಿಸಿಕೊಂಡ ರಾಜಕುಮಾರನು ಓದುಗರ ಕಣ್ಣೆದುರಿನಲ್ಲೇ ಯುವಕನಾಗಿ, ಆರ್ಥರ್ ಮಹಾರಾಜನ ಆಸ್ಥಾನದಲ್ಲಿ ವೀರಪದವಿಯನ್ನು ಪಡೆದು, ವರ್ಷಗಟ್ಟಲೆ ಬೆನ್ನಟ್ಟಿದ ಅಲೀಟಾಳನ್ನು 1946ರಲ್ಲಿ ವರಿಸಿ, ಮರುವರ್ಷ ಮಗನನ್ನು ಎತ್ತಿಕೊಂಡನು. ಆ ಮಗನೂ ಬೆಳೆದು ತನ್ನ ಸಾಹಸಗಳಿಗೆ ಹೊರಟನು. ಮಿಲ್ಟನ್ ಕ್ಯಾನಿಫ್ 1934ರಲ್ಲಿ ಆರಂಭಿಸಿದ ‘ಟೆರಿ ಅಂಡ್ ದಿ ಪೈರೇಟ್ಸ್’ ಎಂಬುದರಲ್ಲಿ ಬಾಲಕ ಟೆರಿಯು ಮಹಾಯುದ್ಧದ ಹೊತ್ತಿಗೆ ವಿಮಾನಚಾಲಕನಾದನು. 1941ರ ಅಕ್ಟೋಬರಿನಲ್ಲಿ ರೇವನ್ ಶೆರ್ಮನ್ ಎಂಬ ಪಾತ್ರವನ್ನು ಕ್ಯಾನಿಫನು ಸಾಯಿಸಿದಾಗ ಓದುಗರು ಬಂಧುವನ್ನು ಕಳೆದುಕೊಂಡವರಂತೆ ಸಂತಾಪದ ಪತ್ರಗಳನ್ನು ಬರೆದರು, ಮತ್ತು ಆಕೆ ಸತ್ತವಳು ಸತ್ತೇ ಹೋದಳು. ಸಾಹಸದ ಗಡಿಯನ್ನು ದಾಟಿ ಸಂಸಾರದ ಚಿತ್ರಕಥೆಗಳಿಗೆ ಬಂದರೆ, 1918ರಲ್ಲಿ ಫ್ರಾಂಕ್ ಕಿಂಗ್ ಆರಂಭಿಸಿದ ‘ಗ್ಯಾಸೊಲಿನ್ ಆಲಿ’ಯಲ್ಲಿ 1921ರ ಫೆಬ್ರವರಿ 14ರಂದು ಬ್ರಹ್ಮಚಾರಿಯೊಬ್ಬನ ಮನೆಬಾಗಿಲಲ್ಲಿ ಯಾರೋ ಇಟ್ಟುಹೋದ ಕೂಸು, ಓದುಗರ ಮಕ್ಕಳು ಬೆಳೆದ ವೇಗದಲ್ಲಿಯೇ ಬೆಳೆದು ಯುದ್ಧಕ್ಕೂ ಹೋಗಿಬಂದಿತು. ಇವೆಲ್ಲ ಮಾರ್ವೆಲ್ಲಿನ ‘ಫೆಂಟಾಸ್ಟಿಕ್ ಫೋರ್’ ಎಂಬುದರ ಮೊದಲ ಸಂಚಿಕೆಯು 1961ರಲ್ಲಿ ಹೊರಬೀಳುವುದಕ್ಕೆ ಹತ್ತಾರು ವರ್ಷ ಮೊದಲಿನ ಮಾತು. ಕಾಲಕ್ರಮವನ್ನೇ ತಲೆಕೆಳಗು ಮಾಡಿಕೊಂಡ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ಸಾತತ್ಯದ ಪಾಠ ಹೇಳುವುದು ವಿನೋದವಲ್ಲದೆ ಮತ್ತೇನು?

ನಮ್ಮವರ ನಿಂದೆಗೆ ಹೆಚ್ಚಾಗಿ ಗುರಿಯಾಗಿರುವವನು ಫ್ಯಾಂಟಮ್. ಏಕೆಂದರೆ ನಮ್ಮವರು ಹೆಚ್ಚಾಗಿ ಓದಿದ್ದು ಅವನನ್ನೇ. ಲೀ ಫಾಕ್ ಎಂಬ ಅಮೆರಿಕದ ಬರಹಗಾರನು 1934ರ ಜೂನ್ 11ರಂದು ಮಾಂಡ್ರೇಕನನ್ನೂ, 1936ರ ಫೆಬ್ರವರಿ 17ರಂದು ಫ್ಯಾಂಟಮನನ್ನೂ ದಿನಪತ್ರಿಕೆಗಳ ಚಿತ್ರಪಟ್ಟಿಗಳಲ್ಲಿ ಹುಟ್ಟಿಸಿ, ಚಿತ್ರಕಾರರು ಒಬ್ಬರ ಬಳಿಕ ಒಬ್ಬರಂತೆ ಬದಲಾಗುತ್ತಿದ್ದರೂ ತಾನು ಮಾತ್ರ 1999ರಲ್ಲಿ ತೀರಿಕೊಳ್ಳುವವರೆಗೂ ಅರವತ್ತಕ್ಕೂ ಹೆಚ್ಚು ವರ್ಷ ಇಬ್ಬರನ್ನೂ ನಡೆಸಿಕೊಂಡು ಬಂದನು. ಒಬ್ಬನೇ ಕರ್ತೃವಿನ ಅಧೀನದಲ್ಲಿ ಇಷ್ಟು ದೀರ್ಘಕಾಲ ಬಾಳಿದ ಕಥಾಪ್ರಪಂಚಗಳು ಯಾವ ಭಾಷೆಯ ಸಾಹಿತ್ಯದಲ್ಲಿಯೂ ವಿರಳ. ಹೌದು, ಮೊದಲ ಕಥೆಯನ್ನು ಬರೆಯುವಾಗ ಜಿಮ್ಮಿ ವೆಲ್ಸ್ ಎಂಬ ಸಿರಿವಂತ ಸೋಮಾರಿಯೇ ಮುಖವಾಡದ ಹಿಂದಿರುವವನೆಂದು ತೋರಿಸಬೇಕೆಂದಿದ್ದ ಫಾಕನು ಕಥೆಯ ನಡುವೆಯೇ ಮನಸ್ಸು ಬದಲಾಯಿಸಿದನು. ವಿಮರ್ಶಕರು ಇದನ್ನು ಹಿಡಿದೆತ್ತಿ ‘ನೋಡಿ, ಅಸಂಬದ್ಧ’ ಎನ್ನುತ್ತಾರೆ. ನಾನಾದರೋ ಇದರಲ್ಲಿ ತದ್ವಿರುದ್ಧವಾದುದನ್ನು ಕಾಣುತ್ತೇನೆ. ಹಗಲು ವಿಲಾಸಿ, ಇರುಳು ವೀರ ಎಂಬ ಸುಲಭದ ಸೂತ್ರವನ್ನು ಕೈಗೆ ಬಂದಿದ್ದರೂ ಬಿಸಾಡಿ, ನಾಲ್ಕು ಶತಮಾನಗಳ ವಂಶವೃತ್ತಾಂತವೊಂದನ್ನು ತನ್ನ ನಾಯಕನ ಬೆನ್ನಿಗೆ ಕಟ್ಟಿದ ಲೇಖಕನು ಸಾತತ್ಯವನ್ನು ಅರಿಯದವನಲ್ಲ. ಅದಕ್ಕಾಗಿ ತನ್ನ ಮೊದಲ ಸಂಕಲ್ಪವನ್ನೇ ತ್ಯಜಿಸಿದವನು.

ಆ ವೃತ್ತಾಂತ ಎಲ್ಲರಿಗೂ ಗೊತ್ತು. ಕಡಲ್ಗಳ್ಳರಿಂದ ಹತನಾದ ತಂದೆಯ ಕೊಲೆಗಾರನ ಕಪಾಲದ ಮೇಲೆ ಕೈಯಿರಿಸಿ, 1536ರಲ್ಲಿ ಬದುಕುಳಿದ ಒಬ್ಬ ಯುವಕನು ಅನ್ಯಾಯವನ್ನು ಸಂಹರಿಸುವೆನೆಂದೂ, ತನ್ನ ಪುತ್ರಪೌತ್ರರೂ ಅದೇ ವ್ರತವನ್ನು ಪಾಲಿಸುವರೆಂದೂ ಶಪಥ ಮಾಡುತ್ತಾನೆ; ತಂದೆ ಸತ್ತೊಡನೆ ಮಗನು ಅದೇ ಉಡುಪನ್ನು ಧರಿಸುವುದರಿಂದ ಕಾಡಿನ ಜನ ಅವನನ್ನು ಮರಣವಿಲ್ಲದವನೆಂದು ನಂಬುತ್ತಾರೆ; ನಾವು ಓದುವ ಫ್ಯಾಂಟಮ್ ಆ ಪರಂಪರೆಯಲ್ಲಿ ಇಪ್ಪತ್ತೊಂದನೆಯವನು. ಕಪಾಲಗುಹೆಯಲ್ಲಿ ಪ್ರತಿಯೊಬ್ಬ ಪೂರ್ವಜನ ದಿನಚರಿಯ ಸಂಪುಟಗಳು ಸಾಲಾಗಿರುತ್ತವೆ. ಒಂದು ಹಳೆಯ ಸಂಪುಟವನ್ನು ತೆರೆದರೆ ಹದಿನೇಳನೆಯವನ ಅವಳಿಸೋದರಿ ಜೂಲಿಯು ಅಣ್ಣನ ಬದಲು ತಾನೇ ಆ ಉಡುಪು ತೊಟ್ಟ ಕಥೆಯೂ ದೊರೆಯುತ್ತದೆ. ಕಾಡಿನ ಕಾವಲುಪಡೆಗೆ ತನ್ನ ದಳಪತಿ ಯಾರೆಂದು ತಿಳಿಯದು. ಆಜ್ಞೆಗಳು ಮಾತ್ರ ಶತಮಾನಗಳಿಂದ ತಪ್ಪದೆ ಬರುತ್ತವೆ. 1977ರಲ್ಲಿ, ನಲವತ್ತೊಂದು ವರ್ಷಗಳ ನಿರೀಕ್ಷೆಯ ಬಳಿಕ, ವಿಶ್ವಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದ ಡಯಾನಾ ಪಾಮರಳೊಡನೆ ಫ್ಯಾಂಟಮನ ಮದುವೆಯಾಗುತ್ತದೆ. 1979ರಲ್ಲಿ ಕಿಟ್, ಹೆಲೋಯಿಸ್ ಎಂಬ ಅವಳಿ ಮಕ್ಕಳು ಹುಟ್ಟುತ್ತಾರೆ. ಇಷ್ಟೆಲ್ಲವನ್ನು ನೆನಪಿನಲ್ಲಿಟ್ಟುಕೊಂಡ ಕಥೆಗೆ ನೆನಪಿಲ್ಲವೆಂದು ಹೇಳುವವರ ನೆನಪಿನ ಬಗೆಗೆ ನಾವೇನು ಹೇಳೋಣ?

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇನೆ. ವ್ಯಕ್ತಿಯು ಹೋದರೂ ಸ್ಥಾನವು ಹೋಗದೆ, ಹೊಸಬನು ಹಳೆಯ ಸ್ಥಾನದ ಹೊಣೆಯನ್ನು ಹೊತ್ತೊಡನೆ ಜನರು ಅವನಲ್ಲಿ ಆ ಸ್ಥಾನವನ್ನೇ ಕಾಣುವ ಕ್ರಮವು ನ್ಯೂಯಾರ್ಕಿನ ವಿಮರ್ಶಕನಿಗೆ ಅದ್ಭುತವೆನಿಸೀತು. ಬೆಳ್ತಂಗಡಿ ತಾಲೂಕಿನವನಿಗೆ ಅದು ನಿತ್ಯದ ಅನುಭವ. ಧರ್ಮಸ್ಥಳದಲ್ಲಿ 1968ರ ಅಕ್ಟೋಬರ್ 24ರಂದು ಪಟ್ಟವೇರಿದ ಶ್ರೀ ವೀರೇಂದ್ರ ಹೆಗ್ಗಡೆಯವರು ಆ ಪರಂಪರೆಯಲ್ಲಿ ಇಪ್ಪತ್ತೊಂದನೆಯ ಧರ್ಮಾಧಿಕಾರಿಗಳು. ಸಂಖ್ಯೆಯ ಸಾಮ್ಯ ಕೇವಲ ಆಕಸ್ಮಿಕ, ಅದರಲ್ಲಿ ಅರ್ಥವನ್ನು ಹುಡುಕುವುದು ಅವಿವೇಕ. ನಾನು ಹೇಳಬಂದದ್ದು ಇಷ್ಟೇ, ಇಪ್ಪತ್ತೊಂದು ತಲೆಮಾರುಗಳ ಅವಿಚ್ಛಿನ್ನತೆಯೆಂದರೆ ಏನೆಂಬುದನ್ನು ನಮ್ಮ ಕಡೆಯ ಹುಡುಗರಿಗೆ ಯಾವ ಅಡಿಟಿಪ್ಪಣಿಯೂ ವಿವರಿಸಬೇಕಾಗಿರಲಿಲ್ಲ. ಊರಿನ ನೇಮದಲ್ಲಿ ಹೋದ ವರ್ಷ ಒಬ್ಬರು, ಈ ವರ್ಷ ಅವರ ಮಗ ಅಣಿ ಕಟ್ಟಿ ನಿಂತರೂ ನುಡಿಯುವುದು ದೈವವೇ ಎಂದು ಕೈಮುಗಿಯುವ ಜನ, ಮುಖವಾಡದ ಹಿಂದಿನವನ ಹೆಸರಿಗಾಗಿ ತವಕಪಡುವುದಿಲ್ಲ. ಅಲ್ಲಿ ಭಕ್ತಿ, ಇಲ್ಲಿ ವಿನೋದ, ಅಂತರ ಬಹಳ. ಆದರೆ ಪಾತ್ರವೆಂಬುದು ವ್ಯಕ್ತಿಯ ಅಂತರಂಗದ ತಳಮಳದಲ್ಲಿ ಮಾತ್ರ ಇರುವುದಲ್ಲ, ಹೊತ್ತ ಹೊಣೆಯಲ್ಲಿಯೂ ಇರಬಹುದು ಎಂಬ ತಿಳಿವಳಿಕೆ ಎರಡಕ್ಕೂ ಸಮಾನ.

ಹಾಗಾದರೆ ನಮ್ಮ ಓದುಗರಿಗೆ ಆ ಕಥೆಗಳು ಬಿಡಿಬಿಡಿಯಾಗಿ, ಹಿಂದುಮುಂದಿಲ್ಲದೆ ತೋರಿದ್ದೇಕೆ? ಕಾರಣವು ಲೇಖಕನಲ್ಲಿಲ್ಲ, ಪ್ರಕಾಶನದಲ್ಲಿದೆ. ಟೈಮ್ಸ್ ಆಫ್ ಇಂಡಿಯಾದ ಒಡೆಯರಾದ ಬೆನೆಟ್ ಕೋಲ್ಮನ್ ಸಂಸ್ಥೆಯವರು 1964ರ ಮಾರ್ಚಿನಲ್ಲಿ ಇಂದ್ರಜಾಲ ಕಾಮಿಕ್ಸನ್ನು ಆರಂಭಿಸಿ, ಮೊದಲ ಮೂವತ್ತೆರಡು ಸಂಚಿಕೆಗಳನ್ನು ಫ್ಯಾಂಟಮನಿಗೇ ಮೀಸಲಿಟ್ಟರು. ಬಳಿಕ ಮಾಂಡ್ರೇಕ್, ಫ್ಲಾಶ್ ಗಾರ್ಡನ್, ರಿಪ್ ಕರ್ಬಿ ಮುಂತಾದವರು ಸರದಿಯಂತೆ ಬಂದರು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅವು ಪ್ರಕಟವಾಗಿ 1990ರಲ್ಲಿ ನಿಂತುಹೋದವು. ದಿನಕ್ಕೆ ಮೂರು ನಾಲ್ಕು ಚೌಕಗಳಂತೆ ತಿಂಗಳುಗಟ್ಟಲೆ ಹರಿದ ಕಥೆಯನ್ನು ನಿಯತಪುಟಗಳ ಪುಸ್ತಿಕೆಯೊಳಗೆ ತುಂಬಬೇಕಾದಾಗ ಸಂಪಾದಕರು ಚೌಕಗಳನ್ನು ಕತ್ತರಿಸಿದರು, ಕೆಲವನ್ನು ಕೈಬಿಟ್ಟರು. ಮೂವತ್ತು ನಲವತ್ತರ ದಶಕಗಳ ಕಥೆಯನ್ನೂ ಅರವತ್ತರ ದಶಕದ ಕಥೆಯನ್ನೂ ಬೇರೆ ಬೇರೆ ಕೈಗಳ ಚಿತ್ರಗಳೊಡನೆ ಅಕ್ಕಪಕ್ಕದಲ್ಲಿ ಅಚ್ಚಿಸಿದರು. ಬಂಗಾಳವನ್ನು ನೆನಪಿಸಬಹುದಾದ, ಫ್ಯಾಂಟಮನ ನಾಡಿನ ಹೆಸರನ್ನು ‘ಡೆಂಕಾಲಿ’ ಎಂದು ಮಾರ್ಪಡಿಸಿದರು. ಅವರ ಶ್ರಮಕ್ಕೆ ನಾನು ಋಣಿ, ಅವರಿಲ್ಲದಿದ್ದರೆ ನಮಗೆ ಆ ಲೋಕವೇ ದೊರೆಯುತ್ತಿರಲಿಲ್ಲ. ಆದರೆ ಮೊದಲನೆಯ ಸಂಪುಟವನ್ನು ಐದನೆಯದಾಗಿ, ಐದನೆಯದನ್ನು ಎರಡನೆಯದಾಗಿ, ಅದೂ ಅಲ್ಲಲ್ಲಿ ಹಾಳೆಗಳನ್ನು ಹರಿದು ಓದಿದರೆ ಕಾರಂತರ ಕಾದಂಬರಿಯಲ್ಲಿಯೂ ಸಾತತ್ಯ ಉಳಿಯಲಾರದು. ಕತ್ತರಿಯ ಅಪರಾಧಕ್ಕೆ ಲೇಖನಿಯನ್ನು ದಂಡಿಸುವುದು ನ್ಯಾಯವಲ್ಲ.

ಓದುವಿಕೆಯ ಪರಿಸ್ಥಿತಿಯನ್ನೂ ಗಣಿಸಬೇಕು. ಚಾರ್ಮಾಡಿ ಘಟ್ಟದ ಬುಡದಲ್ಲಿರುವ ನಮ್ಮ ನೆರಿಯದಂತಹ ಊರಿಗೆ ಈ ಪುಸ್ತಕಗಳು ಸಂಖ್ಯಾನುಕ್ರಮದಲ್ಲಿ ಬಂದಿಳಿಯುತ್ತಿದ್ದವೆಂದು ಯಾರಾದರೂ ಭಾವಿಸಿದ್ದರೆ ಅವರಿಗೆ ಮಲೆನಾಡ ಸೆರಗಿನ ಪರಿಚಯವಿಲ್ಲವೆಂದೇ ಹೇಳಬೇಕು. ಉಜಿರೆಯ ಕಾಲೇಜಿಗೆ ಹೋಗುತ್ತಿದ್ದ ಅಣ್ಣಂದಿರಲ್ಲಿ ಯಾರೋ ತಂದದ್ದು, ಬೆಳ್ತಂಗಡಿಯ ಪೇಟೆಯಲ್ಲಿ ಅರ್ಧ ಬೆಲೆಗೆ ಸಿಕ್ಕಿದ್ದು, ಕಕ್ಕಿಂಜೆಯ ನೆಂಟರ ಮನೆಯಿಂದ ಎರವಲು ಪಡೆದು ಹಿಂತಿರುಗಿಸದೆ ಉಳಿದದ್ದು, ಹೀಗೆ ಬಂದ ಪ್ರತಿಗಳು ಹೊದಿಕೆ ಕಳೆದುಕೊಂಡು, ಅಡಕೆ ಸುಲಿಯುವ ಜಗಲಿಯಲ್ಲಿ ಒಬ್ಬನು ಗಟ್ಟಿಯಾಗಿ ಓದಿ ನಾಲ್ವರು ಇಣುಕಿ ನೋಡುವ ರೀತಿಯಲ್ಲಿ ಚಲಾವಣೆಯಾಗುತ್ತಿದ್ದವು. ‘ಸುಧಾ’ ವಾರಪತ್ರಿಕೆಯ ಫ್ಯಾಂಟಮ್ ಪುಟವೂ ಮಳೆಗಾಲದಲ್ಲಿ ಬಸ್ಸು ಬಂದಾಗ ಬಂತು, ಇಲ್ಲದಾಗ ಇಲ್ಲ. ಇಂತಹ ಓದುಗರನ್ನು ಕಣ್ಮುಂದಿಟ್ಟುಕೊಂಡು, ಯಾವ ಸಂಚಿಕೆಯನ್ನು ಮೊದಲು ಎತ್ತಿಕೊಂಡರೂ ಕಥೆಯು ಅರ್ಥವಾಗುವಂತೆ, ಶಪಥದ ವೃತ್ತಾಂತವನ್ನು ಆಗಾಗ ಆರಂಭದಲ್ಲಿಯೇ ಸಂಕ್ಷೇಪಿಸಿ ಹೇಳುವುದು ದೋಷವೇ? ಮೂಲದ ದಿನಪತ್ರಿಕೆಗಳಲ್ಲಿಯೂ ನಿನ್ನೆಯ ಪತ್ರಿಕೆ ಸಿಕ್ಕದವನಿಗಾಗಿ ಇಂದಿನ ಮೊದಲ ಚೌಕದಲ್ಲಿ ನಿನ್ನೆಯದನ್ನು ಸೂಚಿಸುವುದು ವಾಡಿಕೆಯಾಗಿತ್ತು. ಅದು ಓದುಗನಿಗೆ ಲೇಖಕನು ತೋರುತ್ತಿದ್ದ ಮರ್ಯಾದೆ. ಹಿಂದಿನ ನೂರು ಸಂಚಿಕೆಗಳನ್ನು ಕೊಂಡು ಓದದವನಿಗೆ ಇಂದಿನದು ತಿಳಿಯಬಾರದೆಂಬ ಈಗಿನ ವ್ಯವಸ್ಥೆಯು ಕಲೆಯ ಉತ್ಕರ್ಷವೋ ವ್ಯಾಪಾರದ ಉಪಾಯವೋ ಎಂಬುದನ್ನು ಅದರ ಪ್ರಶಂಸಕರೇ ನಿರ್ಣಯಿಸಲಿ.

ಇನ್ನು ತತ್ತ್ವಕ್ಕೆ ಬರೋಣ. ನನ್ನ ಮುಖ್ಯ ಕಲಹವಿರುವುದು ಇಲ್ಲಿಯೇ. ಪಾತ್ರವು ಬದಲಾದರೆ ಮಾತ್ರ ಪಾತ್ರ, ಘಟನೆಗಳ ಗಾಯಗಳನ್ನು ಮೈಮೇಲೆ ಹೊತ್ತು ತಿರುಗಿದರೆ ಮಾತ್ರ ಸ್ವಭಾವ ಎಂಬ ಸಿದ್ಧಾಂತವು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಕಾದಂಬರಿಯಿಂದ ಕಲಿತದ್ದು. ಆ ಕಾದಂಬರಿಯು ಮಹತ್ತಾದ ಕಲೆ, ಸಂದೇಹವಿಲ್ಲ. ಆದರೆ ಎಲ್ಲ ಕಥನಗಳೂ ಅದರ ಅಳತೆಗೋಲಿಗೆ ತಲೆಬಾಗಬೇಕೆಂದೇನೂ ಇಲ್ಲ. ಇಟಲಿಯ ಉಂಬರ್ಟೊ ಎಕೊ 1962ರಷ್ಟು ಹಿಂದೆಯೇ ಸೂಪರ್‌ಮ್ಯಾನನ ಕುರಿತು ಬರೆದ ಪ್ರಬಂಧದಲ್ಲಿ, ಪುರಾಣದ ನಾಯಕನಂತೆ ಅವನು ಸ್ಥಿರನಾಗಿರಬೇಕು, ಕಾದಂಬರಿಯ ನಾಯಕನಂತೆ ಪ್ರತಿ ಬಾರಿಯೂ ಹೊಸ ಕುತೂಹಲವನ್ನು ಹುಟ್ಟಿಸಬೇಕು, ಈ ಇಕ್ಕಟ್ಟಿನಿಂದ ಪಾರಾಗಲು ಅವನ ಕಥೆಗಳು ಹಿಂದುಮುಂದುಗಳು ಮಸುಕಾದ ಕನಸಿನಂತಹ ಕಾಲದಲ್ಲಿ ನಡೆಯುತ್ತವೆ ಎಂದು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾನೆ. ಐವತ್ತರ ದಶಕದ ಸೂಪರ್‌ಮ್ಯಾನನ ಮಟ್ಟಿಗೆ ಆ ವಿವೇಚನೆ ಸರಿಯಾದುದೇ. ಎಕೊನನ್ನು ಓದಿದೆವೆಂದು ಹೇಳಿಕೊಳ್ಳುವವರಾದರೋ ವಿವೇಚನೆಯನ್ನು ಬಿಟ್ಟು ತೀರ್ಪನ್ನು ಮಾತ್ರ ಎತ್ತಿಕೊಂಡಿದ್ದಾರೆ. ಅದೂ ಎಕೊ ಕೊಡದ ತೀರ್ಪನ್ನು.

ಕಥೆ ಮುಗಿದೊಡನೆ ಮೊದಲಿನ ಸ್ಥಿತಿಗೇ ಮರಳುವ ಕಥನವು ಹೀನವಾದುದಾದರೆ, ಬೇತಾಳಪಂಚವಿಂಶತಿಯನ್ನು ಎಲ್ಲಿಡೋಣ? ಹೆಣವನ್ನು ಹೆಗಲ ಮೇಲೆ ಹೊತ್ತು, ಮೌನವಾಗಿ ಸ್ಮಶಾನದತ್ತ ನಡೆದು, ಕಥೆ ಕೇಳಿ, ಉತ್ತರ ಹೇಳಿ, ಮೌನಭಂಗವಾಗಿ, ಬೇತಾಳವು ಮರಕ್ಕೆ ಹಾರಿದೊಡನೆ ವಿಕ್ರಮನು ಮತ್ತೆ ಹಿಂದಿರುಗುತ್ತಾನೆ. ‘ಚಂದಮಾಮ’ ಪತ್ರಿಕೆಯವರು ಮೂಲದ ಇಪ್ಪತ್ತೈದು ಕಥೆಗಳು ತೀರಿದ ಬಳಿಕವೂ ದಶಕಗಳ ಕಾಲ ಅದೇ ಚೌಕಟ್ಟಿನಲ್ಲಿ ಹೊಸ ಕಥೆಗಳನ್ನು ಕಟ್ಟಿದರು. ಶಂಕರ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಕೆ. ಸಿ. ಶಿವಶಂಕರನ್ ಬರೆದ, ಕೈಯಲ್ಲಿ ಖಡ್ಗ, ಹೆಗಲಲ್ಲಿ ಶವವಿರುವ ಆ ರಾಜನ ಚಿತ್ರವನ್ನು ಕಾಣದ ಕನ್ನಡ ಬಾಲಕರು ಒಂದು ಕಾಲದಲ್ಲಿ ಇರಲಿಲ್ಲ. ಹೋದ ತಿಂಗಳು ಉತ್ತರ ಹೇಳಿ ಕೆಟ್ಟೆನೆಂಬುದನ್ನು ವಿಕ್ರಮನು ಈ ತಿಂಗಳು ಯಾಕೆ ನೆನೆಯುವುದಿಲ್ಲವೆಂದು ಯಾವ ಮಗುವೂ ಕೇಳಲಿಲ್ಲ. ಛಲಬಿಡದ ತ್ರಿವಿಕ್ರಮನೆಂದು ನಮ್ಮ ಜನರು ಇಂದಿಗೂ ಆಡುತ್ತಾರಲ್ಲವೆ? ಅವನು ಬದಲಾಗಿದ್ದರೆ ಆ ಮಾತು ಹುಟ್ಟುತ್ತಿರಲಿಲ್ಲ. ಪುನರಾವೃತ್ತಿಯೇ ಅವನ ಸ್ವಭಾವದ ಪ್ರಕಾಶನ. ಒಮ್ಮೆ ಹೊತ್ತರೆ ಅದು ಕೆಲಸ, ಇಪ್ಪತ್ತೈದು ಬಾರಿ ಹೊತ್ತರೆ ಅದು ಶೀಲ.

ಯಕ್ಷಗಾನದ ನಾಡಿನವರಂತೂ ಈ ವಿಷಯದಲ್ಲಿ ಮರುಳಾಗಬಾರದು. ಧರ್ಮಸ್ಥಳ ಮೇಳವೋ ಕಟೀಲು ಮೇಳವೋ ಊರಿಗೆ ಬಂದಾಗ ಚೌಕಿಯಿಂದ ರಂಗಸ್ಥಳಕ್ಕೆ ಬರುವ ಬಣ್ಣದ ವೇಷ, ಪುಂಡುವೇಷ, ಕಿರೀಟವೇಷಗಳು ಒಡ್ಡೋಲಗದಲ್ಲಿಯೇ ತಮ್ಮ ಸ್ವಭಾವದ ಬಹುಭಾಗವನ್ನು ಸಾರಿಬಿಡುತ್ತವೆ. ಕಥೆ ಎಲ್ಲಿಗೆ ಮುಟ್ಟುವುದೆಂಬುದು ಮುಂದಿನ ಸಾಲಿನಲ್ಲಿ ನಿದ್ದೆಗಣ್ಣಿನಲ್ಲಿ ಕುಳಿತ ಹುಡುಗನಿಗೂ ಗೊತ್ತು. ನಿನ್ನೆ ನೆರೆಯೂರಿನಲ್ಲಿ ಹತನಾದ ಕರ್ಣನು ಇಂದು ನಮ್ಮೂರಿನಲ್ಲಿ ಶಲ್ಯನೊಡನೆ ಜಗಳಾಡುತ್ತಾನೆ. ಆದರೂ ಪಾತ್ರಪೋಷಣೆಯಿಲ್ಲವೆಂದು ಯಾರಾದರೂ ಎದ್ದುಹೋದದ್ದುಂಟೆ? ಭಾಗವತರು ಹಾಡುವ ಪದಗಳು ಅವೇ. ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯಲ್ಲಿ ವಾಲಿಯಾಗಿ ಕುಳಿತು ರಾಮನನ್ನು ಪ್ರಶ್ನಿಸತೊಡಗಿದಾಗ, ನೂರು ಬಾರಿ ಕೇಳಿದ ವಾಲಿಯು ಅಂದೇ ಹುಟ್ಟಿದವನಂತೆ ಕಾಣುತ್ತಿದ್ದನು. ದೇರಾಜೆ ಸೀತಾರಾಮಯ್ಯನವರು ಅದೇ ಪ್ರಸಂಗಗಳ ಪಾತ್ರಗಳಿಗೆ ತಮ್ಮದೇ ಆದ ಬೇರೊಂದು ಹದವನ್ನು ಕೊಡುತ್ತಿದ್ದರು. ಹಿಂದಿನ ರಾತ್ರಿಯ ವಾಲಿಗೂ ಈ ರಾತ್ರಿಯ ವಾಲಿಗೂ ಘಟನೆಗಳ ಸರಪಣಿಯಿಲ್ಲ, ಶೀಲದ ಏಕತೆಯಿದೆ. ಸ್ಥಿರವಾದ ಶೀಲವೊಂದನ್ನು ಹೊಸ ಹೊಸ ಸನ್ನಿವೇಶಗಳ ಎದುರಿಗೆ ತಂದು ನಿಲ್ಲಿಸಿ, ಅದು ಈ ಬಾರಿ ಹೇಗೆ ವರ್ತಿಸೀತೆಂದು ನೋಡುವುದು ಪಾತ್ರಪೋಷಣೆಯ ಒಂದು ಪ್ರಾಚೀನವಾದ, ಗೌರವಾರ್ಹವಾದ ಮಾರ್ಗ. ಫ್ಯಾಂಟಮನ ಉತ್ತಮ ಕಥೆಗಳು ಈ ಮಾರ್ಗದವು: ಅವನು ಗೆಲ್ಲುವನೋ ಇಲ್ಲವೋ ಎಂಬ ಸಂಶಯ ಅಲ್ಲಿಲ್ಲ, ಕೊಲ್ಲದೆ ಹೇಗೆ ಗೆಲ್ಲುವನು, ಮುಖವನ್ನು ತೋರಿಸದೆ ಹೇಗೆ ನಂಬಿಸುವನು, ವ್ರತಕ್ಕೂ ಡಯಾನಾಳಿಗೂ ನಡುವೆ ಈ ಬಾರಿ ಯಾವುದನ್ನು ಕಾಯಿಸುವನು ಎಂಬುದೇ ಕುತೂಹಲ.

ಈಗ ಎದುರಾಳಿಗಳು ಹೊಗಳುವ ಆ ಪರಮ ಸಾತತ್ಯವನ್ನು ಸ್ವಲ್ಪ ಪರೀಕ್ಷಿಸೋಣ. 1962ರಲ್ಲಿ ಶಾಲಾಬಾಲಕನಾಗಿ ಹುಟ್ಟಿದ ಸ್ಪೈಡರ್‌ಮ್ಯಾನನು ಮೊದಮೊದಲು ನಿಜವಾಗಿಯೂ ಬೆಳೆದನು. ಶಾಲೆ ಮುಗಿಸಿ ಕಾಲೇಜು ಸೇರಿದನು. ಆ ಮೊದಲ ವರ್ಷಗಳ ಸೊಗಸನ್ನು ನಾನು ಅಲ್ಲಗಳೆಯುವವನಲ್ಲ. ಬಳಿಕ ಅವನ ಕಾಲವು ಕುಂಟತೊಡಗಿತು. ಓದುಗರು ಮುದುಕರಾದರು, ಅವನಾಗಲಿಲ್ಲ. 1987ರಲ್ಲಿ ಬಹು ಸಂಭ್ರಮದಿಂದ ಮದುವೆ ಮಾಡಿಸಿದರು. ವಿವಾಹಿತನಾದ ನಾಯಕನು ವ್ಯಾಪಾರಕ್ಕೆ ಒಗ್ಗುವುದಿಲ್ಲವೆಂದು ತೋರಿದ ಮೇಲೆ 2007ರಲ್ಲಿ ಮೆಫಿಸ್ಟೊ ಎಂಬ ಪಿಶಾಚಪ್ರಾಯನೊಡನೆ ಒಂದು ಒಪ್ಪಂದವನ್ನು ಮಾಡಿಸಿ, ಆ ಮದುವೆಯು ನಡೆದೇ ಇರಲಿಲ್ಲವೆಂದು ಮಾಡಿಬಿಟ್ಟರು! ಫಾಕನು 1977ರಲ್ಲಿ ಕಟ್ಟಿದ ಮಾಂಗಲ್ಯವಾದರೋ ಅವನು ತೀರಿಕೊಂಡ ಮೇಲೂ ಬಿಚ್ಚಲಿಲ್ಲ. ಎರಡರಲ್ಲಿ ಸಾತತ್ಯ ಯಾವುದು? ಡಿ.ಸಿ. ಸಂಸ್ಥೆಯವರ ಕಥೆ ಇನ್ನೂ ವಿಚಿತ್ರ. ತಮ್ಮ ಲೋಕಗಳ ಲೆಕ್ಕ ತಮಗೇ ತಪ್ಪಿಹೋಗಲು, 1985ರಿಂದ 86ರವರೆಗೆ ಹನ್ನೆರಡು ಸಂಚಿಕೆಗಳ ಮಹಾಪ್ರಳಯವೊಂದನ್ನು ನಡೆಸಿ ಹಳೆಯ ಖಾತೆಗಳನ್ನೆಲ್ಲ ಸುಟ್ಟರು. ಹೊಸ ಖಾತೆಯೂ ಗೋಜಲಾಗಲು 2011ರಲ್ಲಿ ಮತ್ತೆ ಸುಟ್ಟರು. 1992ರಲ್ಲಿ ಸೂಪರ್‌ಮ್ಯಾನನು ಸತ್ತನೆಂದು ಜಗತ್ತೆಲ್ಲ ಡಂಗುರ ಹೊಡೆಸಿದರು. ಮರುವರ್ಷವೇ ಅವನು ಎದ್ದು ಬಂದನು. ರೇವನ್ ಶೆರ್ಮನ್ ಮಾತ್ರ 1941ರಿಂದ ಇಂದಿನವರೆಗೂ ಎದ್ದುಬಂದಿಲ್ಲ. ಘಟನೆಗಳನ್ನು ಪೋಣಿಸುತ್ತ ಹೋಗುವುದಷ್ಟನ್ನೇ ಸಾತತ್ಯವೆಂದು ತಿಳಿದವರಿಗೆ, ಪೋಣಿಸಿದ್ದು ಭಾರವಾದಾಗ ದಾರವನ್ನೇ ಕಡಿಯದೆ ಬೇರೆ ಗತಿಯಿಲ್ಲ.

ಹುಟ್ಟಿನಿಂದ ಸಾವಿನವರೆಗಿನ ಸಮಗ್ರ ಜೀವನವನ್ನು ಕ್ರಮವಾಗಿ ಹೇಳಿದರೆ ಪಾತ್ರವು ತಾನಾಗಿ ಮೂಡುವುದೇ ಎಂಬುದಕ್ಕೆ ನಮ್ಮ ನೆರೆಯವರೇ ಒಬ್ಬರು ನಡೆಸಿದ ಪ್ರಯೋಗವಿದೆ. ಅಮರ ಚಿತ್ರಕಥೆಯ ಅನಂತ ಪೈಗಳು ಹುಟ್ಟಿದ್ದು 1929ರಲ್ಲಿ, ಇಲ್ಲಿಂದ ದೂರವಲ್ಲದ ಕಾರ್ಕಳದಲ್ಲಿ. ಇಂದ್ರಜಾಲ ಕಾಮಿಕ್ಸನ್ನು ಆರಂಭಿಸಿದವರಲ್ಲಿಯೂ ಅವರು ಪ್ರಮುಖರು. ನಮ್ಮ ಮಕ್ಕಳು ಪರದೇಶದ ಪುರಾಣವನ್ನು ಬಲ್ಲರು, ನಮ್ಮದನ್ನರಿಯರೆಂಬ ಖೇದದಿಂದ 1967ರಲ್ಲಿ ಅದನ್ನು ಬಿಟ್ಟು ಹೊಸ ಮಾಲೆಗೆ ತೊಡಗಿದರು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರು ಅದಕ್ಕೆ ಮೊದಲೇ, 1965ರಲ್ಲಿ, ಪಾಶ್ಚಾತ್ಯ ಕಿನ್ನರಕಥೆಗಳ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ಹೊರತಂದಿದ್ದರೆಂಬುದನ್ನೂ, ಅದರಿಂದಾಗಿಯೇ ಪೈಗಳ ‘ಕೃಷ್ಣ’ವು ಹನ್ನೊಂದನೆಯ ಸಂಖ್ಯೆಯನ್ನು ಪಡೆದುದನ್ನೂ ಕನ್ನಡಿಗರು ಮರೆಯತಕ್ಕದ್ದಲ್ಲ. ಆ ಮಾಲೆಯ ಉಪಕಾರ ಅಪಾರ. ಆದರೆ ಮೂವತ್ತೆರಡು ಪುಟಗಳಲ್ಲಿ ಜನನ, ವಿದ್ಯಾಭ್ಯಾಸ, ಯುದ್ಧ, ವಿವಾಹ, ಪಟ್ಟಾಭಿಷೇಕ, ಸ್ವರ್ಗಾರೋಹಣಗಳನ್ನು ಒಂದೂ ಬಿಡದೆ ಜೋಡಿಸಿದ ಎಷ್ಟೋ ಪುಸ್ತಕಗಳಲ್ಲಿ ಒಬ್ಬ ರಾಜನನ್ನು ಇನ್ನೊಬ್ಬನಿಂದ ಬೇರ್ಪಡಿಸುವುದು ಮೀಸೆಯ ಆಕಾರವೊಂದೇ. ಅಲ್ಲಿ ಕಾಲವು ಸರಿಯುತ್ತದೆ, ನಾಯಕನು ಬೆಳೆಯುತ್ತಾನೆ, ಸಾಯುತ್ತಾನೆ, ವಿಮರ್ಶಕರು ಕೇಳುವುದೆಲ್ಲ ಇದೆ, ಪಾತ್ರವೊಂದು ಇಲ್ಲ. ಇದಕ್ಕೆ ಪ್ರತಿಯಾಗಿ ‘ಬಾಲಮಂಗಳ’ದ ಡಿಂಗನನ್ನು ನೆನೆಯಿರಿ. ಮಲಯಾಳದಲ್ಲಿ ಡಿಂಕನ್ ಎಂದು ಹೆಸರಾದ ಆ ಇಲಿಯು ಕಾಡಿನ ಪ್ರಾಣಿಗಳ ಮೊರೆ ಕೇಳಿ ಹಾರಿಬರುವುದರ ಹೊರತು ಯಾವ ವಿಕಾಸವನ್ನೂ ಕಾಣಲಿಲ್ಲ. ಆದರೂ ಕರಾವಳಿಯ ಒಂದು ತಲೆಮಾರಿನವರಿಗೆ ಅವನ ಗುಣ, ಗತ್ತು, ಕರುಣೆಗಳು ಅಂಗೈ ರೇಖೆಯಷ್ಟು ಪರಿಚಿತ.

ಹಳೆಯದೆಲ್ಲ ನಿರ್ದೋಷವೆಂದು ನಾನು ವಾದಿಸುತ್ತಿಲ್ಲ. ಬಿಳಿಯ ಮನುಷ್ಯನೊಬ್ಬನು ಕಪ್ಪು ಜನರ ಕಾಡಿಗೆ ಒಡೆಯನಾಗಿ, ಅವರು ಅವನನ್ನು ದೇವರೆಂದು ನಂಬಿ ಕಪಾಲಾಸನದ ಸುತ್ತ ಕುಳಿತಿರುವ ಚಿತ್ರವನ್ನು ವಸಾಹತುಶಾಹಿಯನ್ನು ಅನುಭವಿಸಿದ ನಾವು ನಿರಾತಂಕವಾಗಿ ಮೆಚ್ಚುವುದು ಸಲ್ಲದು. ಮೊದಲ ಕಥೆಗಳಲ್ಲಿ ಸೇವಕ ಲೋಥಾರನು ಚಿರತೆಯ ತೊಗಲುಟ್ಟು ಮುರುಕು ಮಾತನಾಡುತ್ತ ಮಾಂಡ್ರೇಕನ ಹಿಂದೆ ನಿಂತಿರುತ್ತಿದ್ದುದು ಲಜ್ಜಾಸ್ಪದ. ಆದರೆ ಈ ದೋಷವನ್ನು ತೊಳೆದದ್ದು ಯಾವುದು? ಅದೇ ದೀರ್ಘ ಸಾತತ್ಯ. ಫ್ರೆಡ್ ಫ್ರೆಡರಿಕ್ಸ್ 1965ರಲ್ಲಿ ಮಾಂಡ್ರೇಕನ ಕಥೆಗಳ ಚಿತ್ರದ ಹೊಣೆ ಹೊತ್ತ ಬಳಿಕ ಲೋಥಾರನ ಉಡುಪೂ ಮಾತೂ ತಿದ್ದಿಕೊಂಡು, ಅವನು ಸೇವಕನ ಸ್ಥಾನದಿಂದ ಸಮಾನ ಮಿತ್ರನ ಸ್ಥಾನಕ್ಕೇರಿದನು. ಫ್ಯಾಂಟಮನ ನಾಡಿನಲ್ಲಿ ವಸಾಹತಿನ ಅಧಿಕಾರಿಗಳು ಮರೆಯಾಗಿ, ಲಮಾಂಡಾ ಲುವಾಗ ಎಂಬ ಆಫ್ರಿಕದ ವೈದ್ಯನು ಪ್ರಜೆಗಳ ಅಧ್ಯಕ್ಷನಾದನು. ಒಂದೇ ಲೋಕದಲ್ಲಿ ಉಳಿದು ಅದನ್ನು ಒಳಗಿನಿಂದ ತಿದ್ದಿದ ಲೇಖಕನಿಗೂ, ಲೋಕವನ್ನೇ ಸುಟ್ಟು ಹೊಸದನ್ನು ತೆರೆಯುವ ಸಂಸ್ಥೆಗೂ ಇರುವ ಭೇದವನ್ನು ವಿಮರ್ಶಕರು ಗಮನಿಸಿದ್ದರೆ ಅವರ ವಾದವು ಬೇರೆಯಾಗುತ್ತಿತ್ತು. ಇಂದ್ರಜಾಲದವರೇ 1976ರ ಡಿಸೆಂಬರಿನಲ್ಲಿ ಆಬಿದ್ ಸೂರ್ತಿಯವರ ‘ಬಹಾದೂರ್’ನನ್ನು ಪ್ರಕಟಿಸಿದರು, ಡಕಾಯಿತನ ಮಗನಾಗಿ ಹುಟ್ಟಿ, ಸೇಡಿನ ಹಾದಿಯನ್ನು ತೊರೆದು, ಡಕಾಯಿತರಿಂದ ಹಳ್ಳಿಗರನ್ನು ಕಾಯಲು ನಿಂತ ಆ ಕುರ್ತಾಧಾರಿ ಯುವಕನಲ್ಲಿ ಪರಿವರ್ತನೆಯನ್ನು ಬಯಸುವವರಿಗೆ ಪರಿವರ್ತನೆಯೂ ಇದೆ. ಆದರೆ ಅವನನ್ನು ಈ ವಿಮರ್ಶಕರು ಎಣಿಸುವುದೇ ಇಲ್ಲ.

ಈ ನಿಂದೆಯ ಪೂರ್ವಚರಿತ್ರೆಯೂ ತಮಾಷೆಯದೇ. ಫ್ರೆಡರಿಕ್ ವರ್ಥಾಮ್ ಎಂಬ ಮನೋವೈದ್ಯನು 1954ರಲ್ಲಿ ಗ್ರಂಥವೊಂದನ್ನು ಬರೆದು, ಕಾಮಿಕ್ಸ್‌ಗಳು ಮಕ್ಕಳ ಮನಸ್ಸನ್ನು ಆಕ್ರಮಿಸಿ ಕೆಡಿಸುತ್ತವೆಂದು ಕೂಗೆಬ್ಬಿಸಿದನು. ನಮ್ಮ ಸಂಸತ್ತೂ 1956ರಲ್ಲಿ ಬಾಲಕರಿಗೆ ಹಾನಿಕರವಾದ ಪ್ರಕಟನೆಗಳ ವಿರುದ್ಧ ಕಾಯಿದೆಯನ್ನು ಮಾಡಿತು. ಅಂದು ಇವುಗಳ ಪಾತ್ರಗಳು ಅತಿಯಾಗಿ ಸಜೀವವೆಂಬ ಭಯ. ಇಂದು ನಿರ್ಜೀವವೆಂಬ ತಿರಸ್ಕಾರ. ಎರಡು ಆರೋಪಗಳೂ ಏಕಕಾಲದಲ್ಲಿ ನಿಜವಾಗಿರಲಾರವು.

ಆದುದರಿಂದ ನನ್ನ ಬೇಡಿಕೆಯು ಅಲ್ಪವಾದುದು. ಕನ್ನಡದಲ್ಲಿ ಈ ಹಳೆಯ ಕಥೆಗಳನ್ನು ಮರಳಿ ಅಚ್ಚು ಹಾಕುವ ಮನಸ್ಸು ಯಾವ ಪ್ರಕಾಶಕರಿಗಾದರೂ ಬಂದರೆ, ಕತ್ತರಿಸದ ಚೌಕಗಳೊಡನೆ, ಮೂಲದಲ್ಲಿ ಪ್ರಕಟವಾದ ದಿನಾಂಕಗಳನ್ನು ಪುಟದ ಅಡಿಯಲ್ಲಿ ನಮೂದಿಸಿ, ಚಿತ್ರಕಾರನ ಹೆಸರನ್ನೂ ಅನುವಾದಕನ ಹೆಸರನ್ನೂ ಮರೆಯದೆ, 1936ರ ಮೊದಲ ಕಥೆಯಿಂದ ಕ್ರಮವಾಗಿ ಅಚ್ಚು ಹಾಕಲಿ. ಇಂದ್ರಜಾಲದ ಕನ್ನಡ ಸಂಚಿಕೆಗಳನ್ನು ಅಟ್ಟದ ಮೇಲೆ ಕಟ್ಟಿಟ್ಟವರು ಗೆದ್ದಲಿಗೆ ಬಲಿಕೊಡುವ ಮುನ್ನ ಯಾವುದಾದರೂ ಗ್ರಂಥಾಲಯಕ್ಕೆ ತಲುಪಿಸಲಿ. ಅನಂತರ ವಿಮರ್ಶಕರು ತಮ್ಮ ತೀರ್ಪನ್ನು ಮತ್ತೊಮ್ಮೆ ಬರೆಯಲಿ, ನಾನು ಓದಲು ಸಿದ್ಧನಿದ್ದೇನೆ.